ಬೆಳಗಾವಿ ಪೇಟೆಯ ಸ್ಫಟಿಕ ಮಾಲೆಗಳು: ಕಲ್ಲು ಪಾಸು, ದಾರ ನಪಾಸು

ಬೆಳಗಾವಿ ಭಾಗದಲ್ಲಿ ಸ್ಫಟಿಕದ ಜಪಮಾಲೆ ಕೊಳ್ಳಬೇಕೆಂದರೆ ನಾಲ್ಕು ದಾರಿಗಳಿವೆ. ಗಣಪತಿ ಗಲ್ಲಿ, ಖಡೇಬಜಾರ್ ಸುತ್ತಮುತ್ತಲಿನ ಪೂಜಾ ಸಾಮಾನಿನ ಅಂಗಡಿಗಳು ಒಂದು. ಶಹಾಪುರದ ಸರಾಫರು ಇನ್ನೊಂದು. ಸವದತ್ತಿ ಯಲ್ಲಮ್ಮನ ಗುಡ್ಡ, ಬಾದಾಮಿಯ ಬನಶಂಕರಿ, ವಿಜಯಪುರದ ಸಿದ್ಧೇಶ್ವರ ಜಾತ್ರೆಗಳಲ್ಲಿ ರುದ್ರಾಕ್ಷಿ, ಉಂಗುರ, ಕರಿದಾರಗಳ ನಡುವೆ ಇದನ್ನೂ ನೇತುಹಾಕಿರುವ ಸಾಲಂಗಡಿಗಳು ಮೂರನೆಯವು. ಉಳಿದದ್ದು ಆನ್‌ಲೈನ್. ಈ ನಾಲ್ಕೂ ಕಡೆಯ 8 ಮಿ.ಮೀ. ಗಾತ್ರದ, 108 ಮಣಿ ಮತ್ತು ಎಣಿಕೆಯ ಗುರುತಿಗೆ ಒಂದು ಮೇರುಮಣಿ ಇರುವ ಮಾಲೆಗಳನ್ನು ಪಕ್ಕಪಕ್ಕ ಇಟ್ಟು ಪರೀಕ್ಷಿಸಿ ಬರೆದ ವಿಮರ್ಶೆ ಇದು. ಅಂಗಡಿಗಳ ಹೆಸರು ಹಾಕಿಲ್ಲ. ಒಂದೇ ಮೊಳೆಗೆ ತೂಗಿದ ಎರಡು ಸರಗಳಲ್ಲಿ ಒಂದು ಚಲೋ, ಒಂದು ಕಳಪೆ ಇರುವುದು ಈ ವ್ಯಾಪಾರದಲ್ಲಿ ಮಾಮೂಲು.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಜಾತ್ರೆ ಅಂಗಡಿ ಬಿಟ್ಟರೆ ಉಳಿದ ಮೂರೂ ಕಡೆ ಕಲ್ಲು ಅಸಲಿ. ಗಿರಾಕಿಗಳು ಹೆದರುವಷ್ಟು ಗಾಜಿನ ಮೋಸ ಅಲ್ಲಿ ಕಾಣಲಿಲ್ಲ. ಮೋಸ ಹೋಗುವುದು ಬೇರೆಡೆ: ತೂತಿನ ಅಂಚು ಮಟ್ಟ ಮಾಡಿರುವುದಿಲ್ಲ, ದಾರ ಅಗ್ಗದ್ದು, ಮಣಿಗಳ ನಡುವೆ ಗಂಟಿಲ್ಲ. ಇಂಥ ಮಾಲೆ ದಿನಾ ಜಪಕ್ಕೆ ಬಳಸಿದರೆ ವರ್ಷದೊಳಗೆ ಹರಿಯುತ್ತದೆ. ಹರಿದಾಗ ಮಣಿ ಫರಶಿಯ ಮೇಲೆ ಚೆಲ್ಲಿ ಅಂಚು ಸಿಡಿಯುತ್ತವೆ.

ಕೌಂಟರಿನಲ್ಲಿ ಮೊದಲು ಕೇಳಿಬರುವ ಮಾತು, "ಒರಿಜಿನಲ್ ಐತ್ರೀ, ಕತ್ತಲದಾಗ ತಿಕ್ಕಿ ನೋಡ್ರಿ, ಕಿಡಿ ಬರ್ತಾವ." ಕಿಡಿ ಬರುವುದು ನಿಜ. ಎರಡು ಸ್ಫಟಿಕದ ತುಂಡನ್ನು ಜೋರಾಗಿ ಉಜ್ಜಿದರೆ ಕಿತ್ತಳೆ ಬಣ್ಣದ ಮಿಂಚು ಕಾಣುತ್ತದೆ. ಆದರೆ ಉಜ್ಜಿದ ಜಾಗದಲ್ಲಿ ಬಿಳಿ ಗೀರು ಉಳಿಯುತ್ತದೆ, ಅದು ಮತ್ತೆ ಹೋಗುವುದಿಲ್ಲ. ನೀವು ಕೊಳ್ಳಲಿರುವ ಮಾಲೆಯನ್ನೇ ತಿಕ್ಕಿ ತೋರಿಸಲು ಬಿಡಬೇಡಿ. ಅಂಗಡಿಯವರ ಹತ್ತಿರ ಬಿಡಿ ಮಣಿ ಇದ್ದೇ ಇರುತ್ತವೆ, ತೋರಿಸುವುದಿದ್ದರೆ ಅದರಲ್ಲಿ ತೋರಿಸಲಿ.

ಎರಡನೆಯ ಪರೀಕ್ಷೆ ತಣ್ಣನೆಯ ಸ್ಪರ್ಶದ್ದು. ಇದಕ್ಕೆ ಗಟ್ಟಿ ಆಧಾರವಿದೆ. ಸ್ಫಟಿಕ ಗಾಜಿಗಿಂತ ಹಲವು ಪಟ್ಟು ವೇಗವಾಗಿ ಶಾಖ ಸಾಗಿಸುತ್ತದೆ, ಅದಕ್ಕೇ ಮುಟ್ಟಿದ ಕೂಡಲೇ ಚರ್ಮದ ಬಿಸಿ ಎಳೆದುಕೊಂಡು ತಣ್ಣಗೆನಿಸುತ್ತದೆ. ಕೈಬೆರಳು ನಂಬಬೇಡಿ, ತುಟಿಗೋ ಕೆನ್ನೆಗೋ ತಾಗಿಸಿ. ಅಲ್ಲೇ ಕೌಂಟರಿನ ಮೇಲೆ ಅಷ್ಟೇ ಹೊತ್ತು ಇಟ್ಟಿದ್ದ ಗಾಜಿನ ಲೋಟವನ್ನೂ ತಾಗಿಸಿ ಹೋಲಿಸಿ. ಬೆಳಗಾವಿಯ ಡಿಸೆಂಬರ್ ಚಳಿಯಲ್ಲಿ ಗಾಜೂ ತಣ್ಣಗಿರುತ್ತದೆ, ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಸ್ಫಟಿಕವೂ ಬೆಚ್ಚಗಿರುತ್ತದೆ. ಹೋಲಿಕೆ ಇಲ್ಲದೆ ಈ ಪರೀಕ್ಷೆಗೆ ಬೆಲೆಯಿಲ್ಲ.

ಮೂರನೆಯದು ಕೂದಲೆಳೆ ಪರೀಕ್ಷೆ: ಮಣಿಯ ಕೆಳಗೆ ಕೂದಲಿಟ್ಟರೆ ಎರಡಾಗಿ ಕಾಣಬೇಕಂತೆ. ಸ್ಫಟಿಕ ಬೆಳಕನ್ನು ಎರಡಾಗಿ ಸೀಳುವುದು ಖರೆ. ಬೆಳಕು ಎಷ್ಟು ಬಾಗುತ್ತದೆಂದು ಹೇಳುವ ಅದರ ಎರಡು ವಕ್ರೀಭವನ ಸೂಚ್ಯಂಕಗಳು 1.544 ಮತ್ತು 1.553. ಅಂತರ ಬರೀ 0.009. ಹೀಗಾಗಿ 8 ಮಿ.ಮೀ. ಮಣಿಯಲ್ಲಿ ಎರಡು ಬಿಂಬಗಳ ನಡುವಿನ ದೂರ ಹೆಚ್ಚೆಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲು. ಬರಿಗಣ್ಣಿಗೆ ಅದು ಕಾಣುವುದಿಲ್ಲ. 50 ಮಿ.ಮೀ. ಗುಂಡಿನಲ್ಲಿ ಕಾಣುತ್ತದೆ, ಅದೂ ಗುಂಡನ್ನು ನಿಧಾನಕ್ಕೆ ತಿರುಗಿಸುತ್ತ ಹೋದರೆ ಕೆಲವು ದಿಕ್ಕಿನಲ್ಲಿ ಮಾತ್ರ. ಮಾಲೆಯ ಮಣಿಯಲ್ಲಿ ಕೂದಲು ಒಂದೇ ಕಂಡಿತೆಂದು ಅಸಲಿ ಮಾಲನ್ನು ವಾಪಸ್ ಕೊಟ್ಟು ಬರುವವರಿದ್ದಾರೆ.

ತೂಕದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಸ್ಫಟಿಕದ ಸಾಂದ್ರತೆ 2.65, ಸಾಮಾನ್ಯ ಕಿಟಕಿ-ಬಾಟಲಿ ಗಾಜಿನದು ಸುಮಾರು 2.5, ಅಕ್ರಿಲಿಕ್‌ನದು 1.2ರ ಆಸುಪಾಸು. ಸರಿಯಾಗಿ 8 ಮಿ.ಮೀ. ಇರುವ 109 ಸ್ಫಟಿಕ ಮಣಿಗಳು ತೂತಿನ ಪಾಲು ಕಳೆದು ಸುಮಾರು 75 ಗ್ರಾಂ ತೂಗಬೇಕು. ಅದೇ ಗಾತ್ರದ ಗಾಜು 71 ಗ್ರಾಂ. ನಾಲ್ಕೇ ಗ್ರಾಂ ಅಂತರವಾದ್ದರಿಂದ ಮಣಿಯ ಗಾತ್ರ ತುಸು ಆಚೀಚೆ ಆದರೂ ಲೆಕ್ಕ ತಪ್ಪುತ್ತದೆ. ಪ್ಲಾಸ್ಟಿಕ್ಕನ್ನು ಬಿಟ್ಟರೆ ತಕ್ಕಡಿಯಿಂದ ತಿಳಿಯುವುದು ಕಲ್ಲಿನ ಜಾತಿಗಿಂತ ಗಾತ್ರದ ಮೋಸ. ಆನ್‌ಲೈನ್‌ನಲ್ಲಿ "8 ಎಂಎಂ" ಎಂದು ಬಂದ ಒಂದು ಮಾಲೆ 60 ಗ್ರಾಂ ತೂಗಿತು. ಕಲ್ಲು ಅಸಲಿಯೇ, ಆದರೆ ಮಣಿಗಳು 7.4 ಮಿ.ಮೀ. ಹತ್ತಿರದವು. ಐದನೇ ಒಂದು ಪಾಲು ಕಲ್ಲು ಕಡಿಮೆ ಕೊಟ್ಟು ಪೂರ್ತಿ ಗಾತ್ರದ ಬೆಲೆ ಹಾಕಿದ್ದರು. 6 ಮಿ.ಮೀ. ಮಾಲೆ ಸುಮಾರು 32 ಗ್ರಾಂ, 10 ಮಿ.ಮೀ. ಮಾಲೆ 150 ಗ್ರಾಂ ಆಗುತ್ತದೆ. ಹತ್ತರದ್ದು ಕೊರಳಿಗೆ ಭಾರ, ಬೆರಳಿಗೂ ಒಗ್ಗುವುದಿಲ್ಲ. ಜಪಕ್ಕೆ 7 ಅಥವಾ 8, ಕೊರಳಿಗೆ 6 ಸಾಕು.

ಸಾಂದ್ರತೆಯನ್ನೇ ಅಳೆಯಬೇಕೆಂದರೆ ಮನೆಯ ಡಿಜಿಟಲ್ ತಕ್ಕಡಿ ಸಾಕು. ಮೊದಲು ಮಾಲೆಯನ್ನು ಒಣಗಿರುವಾಗ ತೂಗಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಪಾತ್ರೆ ಇಟ್ಟು ಸೊನ್ನೆ ಮಾಡಿ. ಮಾಲೆಯನ್ನು ಸಣ್ಣ ದಾರಕ್ಕೆ ಕಟ್ಟಿ, ಪಾತ್ರೆಯ ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಈಗ ತಕ್ಕಡಿ ತೋರಿಸುವುದು ಮಾಲೆಯ ಘನಗಾತ್ರ. ಒಣ ತೂಕವನ್ನು ಅದರಿಂದ ಭಾಗಿಸಿ. 75 ಗ್ರಾಂ ಮಾಲೆಗೆ 28ರಿಂದ 28.5 ಬಂದರೆ ಉತ್ತರ 2.6ರ ಮೇಲಿರುತ್ತದೆ. ಗೊಂಡೆ ನೀರಿಗೆ ಬೀಳಬಾರದು, ಮಣಿಗಳ ನಡುವೆ ಗಾಳಿಗುಳ್ಳೆ ಉಳಿಯಬಾರದು. ಉಳಿದರೆ ಉತ್ತರ ಕಡಿಮೆ ಬಂದು ಅಸಲಿ ಮಾಲೆಗೂ ಗಾಜಿನ ಹಣೆಪಟ್ಟಿ ಬೀಳುತ್ತದೆ.

ಇದಕ್ಕಿಂತ ಖಾತ್ರಿಯದು ಕೂಲಿಂಗ್ ಗ್ಲಾಸಿನ ಪರೀಕ್ಷೆ. ಲ್ಯಾಪ್‌ಟಾಪ್ ಪರದೆಯನ್ನು ಬೆಳ್ಳಗೆ ಮಾಡಿ, ಪೋಲರೈಸ್ಡ್ ಕನ್ನಡಕವನ್ನು ಅದರೆದುರು ಹಿಡಿದು ಪರದೆ ಕಪ್ಪಾಗುವವರೆಗೆ ತಿರುಗಿಸಿ. ಈಗ ಎರಡರ ನಡುವೆ ಮಣಿ ಹಿಡಿದು ಹೊರಳಿಸಿ. ಗಾಜು ಬಹುಮಟ್ಟಿಗೆ ಕಪ್ಪಾಗಿಯೇ ಉಳಿಯುತ್ತದೆ. ಸ್ಫಟಿಕ ಹೊರಳಿದಂತೆ ಬೆಳಗುತ್ತದೆ, ಒಂದು ದಿಕ್ಕಿನಲ್ಲಿ ಬಣ್ಣದ ಉಂಗುರಗಳು ಕಂಡುಬರುತ್ತವೆ. ಮಣಿಯನ್ನು ನೀರಿರುವ ಗಾಜಿನ ಲೋಟದಲ್ಲಿ ಮುಳುಗಿಸಿ ನೋಡಿದರೆ ಇನ್ನೂ ಸ್ಪಷ್ಟ. ಪ್ಲಾಸ್ಟಿಕ್ ಲೋಟ ಬೇಡ, ಅದೇ ಬಣ್ಣ ತೋರಿಸಿ ದಿಕ್ಕು ತಪ್ಪಿಸುತ್ತದೆ. ಒಂದು ಮಾತು ನೆನಪಿರಲಿ: ಕಾರ್ಖಾನೆಯಲ್ಲಿ ಬೆಳೆಸಿದ ಸ್ಫಟಿಕವೂ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಏಕೆಂದರೆ ಅದೂ ಸ್ಫಟಿಕವೇ. ಕೃತಕವೋ ನೈಸರ್ಗಿಕವೋ ಎಂದು ಹೇಳಲು ಲ್ಯಾಬ್ ಬೇಕು.

ಹತ್ತು ಪಟ್ಟು ಹಿಗ್ಗಿಸುವ ಲೂಪ್ ಇದ್ದರೆ ತೂತನ್ನು ನೋಡಿ. ಸ್ಫಟಿಕಕ್ಕೆ ಎರಡೂ ಕಡೆಯಿಂದ ಕೊರೆಯುತ್ತಾರೆ, ನಡುವೆ ಎರಡು ತೂತು ಕೂಡುವಲ್ಲಿ ಸಣ್ಣ ಮೆಟ್ಟಿಲು ಇರುತ್ತದೆ, ಒಳಗೋಡೆ ಮಂಜು ಹಿಡಿದಂತೆ ಬಿಳುಪು. ಅಚ್ಚಿನ ಗಾಜಿನ ಮಣಿಯಲ್ಲಿ ತೂತು ನುಣ್ಣಗಿರುತ್ತದೆ, ಮೈಮೇಲೆ ಅಚ್ಚಿನ ಗೆರೆಯೂ ಸಿಗಬಹುದು. ಒಳಗೆ ದುಂಡನೆಯ ಗುಳ್ಳೆ ಇದ್ದರೆ ಗಾಜು. ತೆಳು ಪರದೆ, ಗರಿ, ಎಳೆ ಇದ್ದರೆ ಸ್ಫಟಿಕ. "ಒಳಗ ಡಾಗ್ ಐತಿ" ಎಂದು ಅಂಥ ಮಣಿ ಬೇಡವೆನ್ನುವ ಗಿರಾಕಿಗಳಿಂದಾಗಿಯೇ ಜಾತ್ರೆ ಅಂಗಡಿಯವರು ಕಣ್ಣಿಗೆ ಚೊಕ್ಕ ಕಾಣುವ ಗಾಜು ತರುತ್ತಾರೆ.

ಇನ್ನು ಅಂಗಡಿಗಳ ಸರದಿ.

ಜಾತ್ರೆಯ ಮಾಲೆ 200 ರೂಪಾಯಿ ಒಳಗಿನದು. ಗಾಜು, ಅಚ್ಚಿನ ಮಣಿ, ಪ್ಲಾಸ್ಟಿಕ್ ದಾರ. ಅಲಂಕಾರಕ್ಕೆ ಅಡ್ಡಿಯಿಲ್ಲ. ಸ್ಫಟಿಕವೆಂದು ಹೇಳಿ ಮಾರುವುದು ತಪ್ಪು. ಐದಕ್ಕೆ ಒಂದು.

ಪೂಜಾ ಸಾಮಾನಿನ ಅಂಗಡಿಗಳ ಮಾಲೆ ಸಾವಿರದಿಂದ ಎರಡೂವರೆ ಸಾವಿರದವರೆಗೆ. ಕಲ್ಲು ಅಸಲಿ, ಗಾತ್ರ ಬಹುತೇಕ ಸರಿ. "ಡೈಮಂಡ್ ಕಟ್" ಎಂಬ ಮುಖ ಕೊರೆದ ಮಣಿಗೆ ಹೆಚ್ಚು ಬೆಲೆ ಹೇಳುತ್ತಾರೆ. ದೀಪದ ಬೆಳಕಿಗೆ ಮಿಂಚುತ್ತದೆ, ಸರಿ. ಜಪಕ್ಕೆ ಅದು ಒಗ್ಗದು. ಏಣುಗಳು ಒಂದನ್ನೊಂದು ಕೆರೆದು ಕೆಲವೇ ತಿಂಗಳಲ್ಲಿ ಮಸುಕಾಗುತ್ತವೆ, ಬೆರಳ ತುದಿಗೂ ಒರಟು. ದುಂಡು ಮಣಿಯನ್ನೇ ತಗೊಳ್ಳಿ. ಈ ಅಂಗಡಿಗಳ ದೊಡ್ಡ ದೋಷ ತೂತಿನ ಬಾಯಿ. ಸ್ಫಟಿಕದ ಗಡಸುತನ ಕಲ್ಲುಗಳನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ 7, ಗಾಜನ್ನೇ ಕೊರೆಯುವಷ್ಟು. ಕೊರೆದ ತೂತಿನ ಅಂಚನ್ನು ಇಳಿಜಾರಾಗಿ ತಿಕ್ಕಿ ಮಟ್ಟ ಮಾಡದಿದ್ದರೆ ಅದೇ ಬ್ಲೇಡ್ ಆಗಿ ಹತ್ತಿ ದಾರವನ್ನು ಎಳೆ ಎಳೆಯಾಗಿ ಕತ್ತರಿಸುತ್ತದೆ. ಮಾಲೆಯ ದಾರ ತೂತಿನ ಬಾಯಲ್ಲಿ ಜುಂಗು ಎದ್ದಿದ್ದರೆ ಹೊಸದಾಗಿದ್ದರೂ ಬೇಡ. ಕಲ್ಲಿಗೆ ನಾಲ್ಕು, ಪೋಣಿಕೆಗೆ ಎರಡು.

ಸರಾಫರ ಅಂಗಡಿಯದು ಬೆಳ್ಳಿ ಟೋಪಿ ಹಾಕಿ ತಂತಿಯಲ್ಲಿ ಕಟ್ಟಿದ ಮಾಲೆ. ಬೆಲೆಯಲ್ಲಿ ಬೆಳ್ಳಿಯ ಪಾಲೇ ದೊಡ್ಡದು, ಆದ್ದರಿಂದ ಬಿಲ್ಲಿನಲ್ಲಿ ಬೆಳ್ಳಿಯ ತೂಕ, ಕಲ್ಲಿನ ತೂಕ ಬೇರೆ ಬೇರೆ ಬರೆಸಿ. ಕಲ್ಲಿನ ತೂಕಕ್ಕೂ ಬೆಳ್ಳಿಯ ದರ ಹಾಕಿದ ಬಿಲ್ಲು ನೋಡಿದ್ದೇವೆ. ತಂತಿ ಸುಲಭಕ್ಕೆ ಹರಿಯದು, ತೂತಿನ ಅಂಚು ಟೋಪಿಯೊಳಗೆ ಮುಚ್ಚಿಹೋಗುತ್ತದೆ. ಆದರೆ ತಂತಿಯ ಕೊಂಡಿ ಪದೇ ಪದೇ ಬಾಗಿ ದಣಿದು ಮುರಿಯುತ್ತದೆ, ಜಪ ಮಾಡುವಾಗ ಕೊಂಡಿಯ ತುದಿ ಬೆರಳಿಗೆ ಚುಚ್ಚುತ್ತದೆ. ಕೊರಳಿಗೆ ಹಾಕುವವರಿಗೆ ಇದು ಒಳ್ಳೆಯದು, ಜಪಕ್ಕಲ್ಲ. ಕೊರಳಿಗೆ ನಾಲ್ಕು, ಜಪಕ್ಕೆ ಎರಡೂವರೆ.

ಆನ್‌ಲೈನ್ ಮಾಲೆಗಳ ಜೊತೆ ಲ್ಯಾಬ್ ಕಾರ್ಡು ಬರುತ್ತದೆ. ಕಾರ್ಡಿನಲ್ಲಿ "ನ್ಯಾಚುರಲ್ ಕ್ವಾರ್ಟ್ಜ್", ಅಂದರೆ ನೈಸರ್ಗಿಕ ಸ್ಫಟಿಕ, ಎಂದಿದೆಯೇ ನೋಡಿ. ಬರೀ "ಕ್ರಿಸ್ಟಲ್" ಎಂದಿದ್ದರೆ ಅದಕ್ಕೆ ಅರ್ಥವಿಲ್ಲ, ಸೀಸ ಬೆರೆಸಿದ ಗಾಜಿಗೂ ಅದೇ ಹೆಸರು. ಕಾರ್ಡಿನ ತೂಕವನ್ನೂ ಕೈಗೆ ಬಂದ ಮಾಲೆಯ ತೂಕವನ್ನೂ ತಾಳೆ ನೋಡಿ. ಮೂರು.

ಇನ್ನು ಈ ಕಲ್ಲಿನ ಮಹಿಮೆಯ ಬಗ್ಗೆ ಅಂಗಡಿಯವರು ಹೇಳುವುದರಲ್ಲಿ ಎಷ್ಟು ಹಳೆಯದು, ಎಷ್ಟು ನಿನ್ನೆ ಮೊನ್ನೆಯದು?

ನವರತ್ನಗಳ ಪಟ್ಟಿಯಲ್ಲಿ ಸ್ಫಟಿಕ ಇಲ್ಲ. ಅದು ಉಪರತ್ನ. ಶುಕ್ರನಿಗೆ ಹೇಳಿದ ರತ್ನ ವಜ್ರ, ವಜ್ರ ಕೊಳ್ಳಲಾಗದವರಿಗೆ ಜ್ಯೋತಿಷಿಗಳು ಬದಲಿಯಾಗಿ ಇದನ್ನು ಹೇಳುತ್ತಾರೆ. ಶುಕ್ರವಾರದ ನಂಟು ಬಂದದ್ದು ಅಲ್ಲಿಂದ. ದೇವೀ ಜಪಕ್ಕೆ ಸ್ಫಟಿಕವೆಂಬ ರೂಢಿಗೆ ಬೇರೆ ಬೇರು ಇದೆ: ಸರಸ್ವತಿಯ ಧ್ಯಾನಶ್ಲೋಕದಲ್ಲಿ ಆಕೆಯ ಕೈಯ ಅಕ್ಷಮಾಲೆ ಸ್ಫಟಿಕದ್ದೇ. ಶಿವಪೂಜೆಯಲ್ಲೂ ಇದರ ಸ್ಥಾನ ದೊಡ್ಡದು. ಆದಿ ಶಂಕರರು ಐದು ಸ್ಫಟಿಕ ಲಿಂಗ ತಂದರೆಂಬುದು ಮಠಗಳ ಪರಂಪರೆಯ ಮಾತು. ಶೃಂಗೇರಿಯಲ್ಲಿ ಚಂದ್ರಮೌಳೀಶ್ವರನ ಪೂಜೆ ಇಂದಿಗೂ ಸ್ಫಟಿಕ ಲಿಂಗಕ್ಕೇ ನಡೆಯುತ್ತದೆ. ರಾಮೇಶ್ವರದಲ್ಲಿ ಬೆಳಗಿನ ಜಾವದ ಸ್ಫಟಿಕ ಲಿಂಗ ದರ್ಶನಕ್ಕೆ ನಮ್ಮ ಕಡೆಯಿಂದ ಹೋಗುವವರು ಕಡಿಮೆಯಿಲ್ಲ. ಬೌದ್ಧರೂ ಇದನ್ನು ಬಿಟ್ಟಿಲ್ಲ. 1898ರಲ್ಲಿ ಉತ್ತರ ಪ್ರದೇಶದ ಪಿಪ್ರಾವಾ ಸ್ತೂಪದಲ್ಲಿ ಸಿಕ್ಕ ಅಸ್ಥಿಕರಂಡಕಗಳಲ್ಲಿ ಒಂದು ಸ್ಫಟಿಕದ್ದು, ಮುಚ್ಚಳದ ಹಿಡಿಕೆ ಮೀನಿನ ಆಕಾರ.

ಮಾತು ಸ್ಫಟಿಕದ ಸಲಾಕೆಯಂತಿರಬೇಕು ಎಂದ ಬಸವಣ್ಣನವರ ವಚನ ಕೂಡಲಸಂಗಮದ ಈ ಸೀಮೆಯಲ್ಲಿ ಶಾಲೆಯ ಮಕ್ಕಳಿಗೂ ಬಾಯಿಪಾಠ. ಸಲಾಕೆ ಎಂದದ್ದು ಕಲ್ಲನ್ನು ಕಂಡವರ ಮಾತು. ಸ್ಫಟಿಕ ನೆಲದಲ್ಲಿ ಬೆಳೆಯುವುದೇ ಆರು ಮುಖದ ಕಡ್ಡಿಯಾಗಿ, ತುದಿ ಚೂಪಾಗಿ. ದುಂಡು ಮಣಿ ಮನುಷ್ಯನ ಕೆಲಸ.

ಹಳಬರು ಇದನ್ನು ಎಂದೂ ಕರಗದಂತೆ ಹೆಪ್ಪುಗಟ್ಟಿದ ಮಂಜುಗಡ್ಡೆ ಎಂದು ನಂಬಿದ್ದರು. ಮೊದಲ ಶತಮಾನದ ರೋಮಿನ ಲೇಖಕ ಪ್ಲಿನಿ ಹಾಗೆಂದೇ ಬರೆದಿದ್ದಾನೆ. "ಮೈ ತಂಪಾಗುತ್ತದೆ" ಎಂಬ ನಮ್ಮ ನಂಬಿಕೆಯೂ ಅದೇ ತಣ್ಣನೆಯ ಸ್ಪರ್ಶದಿಂದ ಹುಟ್ಟಿರಬೇಕು. ಕೊರಳಲ್ಲಿ ಸ್ವಲ್ಪ ಹೊತ್ತಿಗೆಲ್ಲ ಮಣಿ ಮೈಬಿಸಿಗೆ ಬರುತ್ತದೆ, ಆಮೇಲೆ ತಂಪಿಲ್ಲ. ಬಿಪಿ, ನಿದ್ದೆ, ಥೈರಾಯ್ಡ್ ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿರುವುದಕ್ಕೆ ಶಾಸ್ತ್ರದ ಆಧಾರವೂ ಇಲ್ಲ, ವೈದ್ಯದ ಆಧಾರವೂ ಇಲ್ಲ. "ಗಡಿಯಾರದಲ್ಲಿ ಕಂಪಿಸುವ ಕಲ್ಲು ಇದೇ, ಆ ಶಕ್ತಿ ಮೈಗೆ ಬರುತ್ತದೆ" ಎನ್ನುವುದು ಹೊಸ ಕಥೆ. ಒತ್ತಿದರೆ ಸ್ಫಟಿಕದಲ್ಲಿ ವಿದ್ಯುತ್ ಹುಟ್ಟುತ್ತದೆಂದು 1880ರಲ್ಲಿ ಕ್ಯೂರಿ ಸೋದರರು ಕಂಡುಕೊಂಡರು, ಅದೇ ಗುಣದ ತಿರುವುಮುರುವು ಇದು. ಕೈಗಡಿಯಾರದಲ್ಲಿ ಲೆಕ್ಕ ಹಾಕಿ ಕತ್ತರಿಸಿದ ಸಣ್ಣ ತುಂಡು ಸೆಕೆಂಡಿಗೆ 32,768 ಸಲ ಕಂಪಿಸುವುದು ಬ್ಯಾಟರಿಯಿಂದ ವಿದ್ಯುತ್ ಕೊಟ್ಟಾಗ. ಮಾಲೆಗೆ ಬ್ಯಾಟರಿ ಯಾರೂ ಕಟ್ಟುವುದಿಲ್ಲ.

ಒಂದು ಜಾನಪದ ನಂಬಿಕೆಗೆ ಮಾತ್ರ ಕಣ್ಣಾರೆ ಕಾಣುವ ಕಾರಣವಿದೆ. ಕೆಲವು ತಿಂಗಳು ಹಾಕಿಕೊಂಡ ಮಾಲೆ ಮಂಕಾಗುತ್ತದೆ, ದೃಷ್ಟಿ-ದೋಷ ಎಳೆದುಕೊಂಡಿತು ಎನ್ನುತ್ತಾರೆ. ಮಂಕಾದ ಮಾಲೆಯ ಒಂದು ಮಣಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಕಲ್ಲು ಮೊದಲಿನಂತೆಯೇ ಇರುತ್ತದೆ, ಅದರ ನಡುವೆ ಹಾದುಹೋದ ಬಿಳಿ ದಾರ ಬೆವರು, ಎಣ್ಣೆ, ಸೋಪು ಕುಡಿದು ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಪಾರದರ್ಶಕ ಮಣಿ ಆ ಬಣ್ಣವನ್ನು ಇಡೀ ಮೈಗೆ ಹಿಗ್ಗಿಸಿ ತೋರಿಸುತ್ತದೆ. ಕೆಂಪು ದಾರ ಹಾಕಿದರೆ ಮಾಲೆ ನಸುಗೆಂಪು ಕಾಣುವುದೂ ಇದಕ್ಕೇ. ದಾಸವಾಳದ ಪಕ್ಕ ಇಟ್ಟ ಸ್ಫಟಿಕ ಕೆಂಪಾಗಿ ಕಂಡರೂ ಕೆಂಪಾಗುವುದಿಲ್ಲ ಎಂದು ವೇದಾಂತಿಗಳು ಆತ್ಮದ ವಿಷಯಕ್ಕೆ ಕೊಡುವ ಉದಾಹರಣೆ ಪ್ರತಿ ಮಣಿಯಲ್ಲೂ ಸಿಗುತ್ತದೆ. ದಾರ ಬದಲಿಸಿದರೆ ದೋಷ ಪರಿಹಾರ.

ಶುದ್ಧೀಕರಣದಲ್ಲಿ ಆಗುವ ಹಾನಿಯೂ ದಾರದ್ದೇ. ಪೋಣಿಸಿದ ಮಾಲೆಯನ್ನು ಪಂಚಾಮೃತದಲ್ಲಿ ಅದ್ದಿದರೆ ಹಾಲಿನ ಜಿಡ್ಡು, ಸಕ್ಕರೆ ತೂತಿನೊಳಗೆ ಸೇರಿ ನಾತ ಹೊಡೆಯುತ್ತದೆ, ಇರುವೆ ಮುತ್ತುತ್ತವೆ, ದಾರ ಕೊಳೆಯುತ್ತದೆ. ಬಿಡಿ ಮಣಿ ಇರುವಾಗಲೇ ಪಂಚಾಮೃತ ಮಾಡಿಸಿ, ಉಗುರುಬೆಚ್ಚಗಿನ ನೀರಲ್ಲಿ ಚೆನ್ನಾಗಿ ತೊಳೆದು, ಒಣಗಿಸಿ ಆಮೇಲೆ ಪೋಣಿಸಿ. ಪೋಣಿಸಿದ ಮೇಲೆ ಮೇರುಮಣಿಗೆ ಒಂದು ಹನಿ ಮುಟ್ಟಿಸಿದರೆ ಸಾಕು. ಅರಿಶಿನ, ಕುಂಕುಮ ಸೋಕಿದರೆ ದಾರಕ್ಕೂ ಮಣಿಯ ಸೀಳಿಗೂ ಬಣ್ಣ ಇಳಿಯುತ್ತದೆ.

ಸ್ಫಟಿಕ ಲಿಂಗ ಕೊಂಡವರಿಗೆ ಎರಡು ಎಚ್ಚರಿಕೆ. ವಿಜಯಪುರ, ಬಾಗಲಕೋಟೆಯ ಬೋರಿನ ಗಡಸು ನೀರಲ್ಲಿ ದಿನಾ ಅಭಿಷೇಕ ಮಾಡಿದರೆ ಬಿಳಿ ಪೊರೆ ಕಟ್ಟುತ್ತದೆ. ಪಾತ್ರೆ ತಿಕ್ಕುವ ಪುಡಿ ಹಾಕಬೇಡಿ, ಹೊಳಪು ಹೋಗುತ್ತದೆ. ನಿಂಬೆರಸ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆದರೆ ಪೊರೆ ಬಿಡುತ್ತದೆ, ಕಲ್ಲಿಗೆ ಏನೂ ಆಗುವುದಿಲ್ಲ. ತಣ್ಣೀರಿನ ಬೆನ್ನಿಗೇ ಬಿಸಿನೀರು ಸುರಿಯಬೇಡಿ, ಒಳಗೆ ಎಳೆ ಇದ್ದಲ್ಲಿ ಸೀಳುತ್ತದೆ. ಎರಡನೆಯದು ಬಿಸಿಲು. ಹಳೆಯ ರತ್ನಪರೀಕ್ಷಕರು ಸೂರ್ಯಕಾಂತ ಎಂದದ್ದು ಬಿಸಿಲನ್ನು ಕೂಡಿಸಿ ಬೆಂಕಿ ಹೊತ್ತಿಸುವ ಕಲ್ಲಿಗೆ, ಸ್ಫಟಿಕದ ಗುಂಡು ಅದೇ ಕೆಲಸ ಮಾಡುತ್ತದೆ. 50 ಮಿ.ಮೀ. ಗುಂಡಿನಲ್ಲಿ ಬಿಸಿಲು ಒಟ್ಟಾಗುವುದು ಹಿಂಬದಿಯಿಂದ ಸುಮಾರು ಒಂದು ಸೆಂಟಿಮೀಟರಿನಲ್ಲಿ, ಅಂದರೆ ಸರಿಯಾಗಿ ಅದರ ಕೆಳಗಿನ ರೇಷ್ಮೆ ವಸ್ತ್ರದ ಮೇಲೆ. ಪೂರ್ವದ ಕಿಟಕಿಗೆ ಎದುರಾದ ದೇವರ ಮನೆಯಲ್ಲಿ ಗುಂಡನ್ನೋ ಲಿಂಗವನ್ನೋ ಬಟ್ಟೆಯ ಮೇಲೆ ಬಿಡಬೇಡಿ, ಹಿತ್ತಾಳೆ ತಟ್ಟೆಯಲ್ಲಿಡಿ.

ಮಾಲೆಗೆ ನಮ್ಮ ಸಲಹೆ, ಪೋಣಿಸಿದ್ದನ್ನು ಕೊಳ್ಳುವ ಬದಲು ಬಿಡಿ ಮಣಿ ಕೊಂಡು ಪೋಣಿಸಿಕೊಳ್ಳುವುದು. 112 ಮಣಿ ಕೇಳಿ. ಪ್ರತಿ ಮಣಿಯ ತೂತಿನ ಬಾಯಿಗೆ ಹತ್ತಿಯ ಎಳೆ ಎಳೆದು ನೋಡಿ, ಸಿಕ್ಕಿಕೊಂಡರೆ ಬದಲಿಸಿಕೊಳ್ಳಿ. ತೂತು ನಡುವಿಗಿಲ್ಲದ ಮಣಿ ಮಾಲೆಯಲ್ಲಿ ಓಲಾಡುತ್ತದೆ, ಅದೂ ಬೇಡ. ಮಡಿ ಹಿಡಿಯುವವರು ರೇಷ್ಮೆ ದಾರ ಬಳಸಲಿ, ಬಾಳಿಕೆ ಬೇಕಾದವರಿಗೆ ಪಾಲಿಯೆಸ್ಟರ್. ಗಂಟು ಸೇರಿ ಎರಡೆಳೆಗೆ ಐದು ಮೀಟರ್ ದಾರ ಬೇಕು. ಮೊದಲ ಮಣಿ ಹಾಕಿ, ಸಡಿಲ ಗಂಟಿನೊಳಗೆ ಸೂಜಿ ತೂರಿಸಿ ಮಣಿಯ ಬುಡದವರೆಗೆ ತಳ್ಳಿ, ಆಮೇಲೆ ಸೂಜಿ ತೆಗೆದು ಬಿಗಿ ಮಾಡಿ. ಸೂಜಿ ಇಲ್ಲದೆ ಗಂಟು ಹಾಕಿದರೆ ಒಂದು ಕಡೆ ಬಿಗಿ, ಒಂದು ಕಡೆ ಜೋಲು. ಗಂಟಿದ್ದರೆ ಮಣಿಗೆ ಮಣಿ ಬಡಿಯುವುದಿಲ್ಲ, ದಾರ ಹರಿದರೂ ಬೀಳುವುದು ಒಂದೇ ಮಣಿ. ಮೇರುವಿನ ಹತ್ತಿರ ಒಂದು ಬೆರಳಿನಷ್ಟು ಜಾಗ ಬಿಡಿ. ಜಪದಲ್ಲಿ ಮೇರು ದಾಟದೆ ಮಾಲೆ ತಿರುಗಿಸುವಾಗ ದಾರಕ್ಕೆ ಎಳೆತ ಬೀಳುವುದು ಅಲ್ಲೇ, ಹರಿಯುವುದೂ ಮೊದಲು ಅಲ್ಲೇ. ಜಪದ ಮಾಲೆಯನ್ನು ಕೊರಳಿಗೆ ಹಾಕಬಾರದೆಂಬ ಹಿರಿಯರ ನಿಯಮ ಪಾಲಿಸಿದರೆ ದಾರಕ್ಕೆ ಬೆವರು ತಾಗದೆ ಇನ್ನಷ್ಟು ಬಾಳುತ್ತದೆ. ಆದರೂ ವರ್ಷಕ್ಕೊಮ್ಮೆ ದಾರ ಬದಲಿಸಿ. ಉಳಿದ ಮೂರು ಮಣಿಯನ್ನು ಜಪದ ಮಾಲೆ ಇಡುವ ಗೋಮುಖಿ ಚೀಲದ ಮೂಲೆಗೆ ಹೊಲಿದಿಡಿ, ಮುಂದೆ ಒಂದು ಮಣಿ ಸಿಡಿದರೆ ಅದೇ ಗಾತ್ರ, ಅದೇ ಹೊಳಪಿನ ಜೋಡಿ ಪೇಟೆಯಲ್ಲಿ ಸಿಗುವುದು ಕಷ್ಟ.